ಅಮ್ಮ ಮರ ನೋಡುವಾಗ

ಹೊನ್ನವಳ್ಳಿ
8 ಜುಲೈ 2025

ಅಮ್ಮಾ,

ಇವತ್ತು ಬೆಳಿಗ್ಗೆ ತೋಟದ ದಾರಿಯಲ್ಲಿ ಒಂದು ವಿಷಯ ಗಮನಿಸಿದೆ. ನಾವಿಬ್ಬರೂ ದಿನಾ ಪಕ್ಕಪಕ್ಕ ನಡೆದು ಹುಲ್ಲಿನ ನಡುವೆ ಎರಡು ಸಾಲು ಬಿದ್ದಿತ್ತಲ್ಲ, ಅದರಲ್ಲಿ ನೀನು ನಡೆಯುತ್ತಿದ್ದ ಸಾಲಿನ ಮೇಲೆ ಮುಟ್ಟಿದರೆ ಮುನಿ ಹಬ್ಬಿಕೊಂಡಿದೆ. ನನ್ನ ಸಾಲು ಹಾಗೇ ಬೋಳಾಗಿದೆ. ನೀನು ಹೋಗಿ ಎರಡು ತಿಂಗಳಷ್ಟೇ. ಗಿಡಕ್ಕೆ ಏನು ಅವಸರವೋ.

ಕಾಗದದ ಮೇಲೆ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ಓದು. ಸಂಜೆ ವಿಡಿಯೋ ಕರೆಯಲ್ಲಿ ನನಗೆ ಮಾತೇ ಬರುವುದಿಲ್ಲ. ಅಲ್ಲಿ ಅಣ್ಣ, ಅತ್ತಿಗೆ, ಪುಟ್ಟಿ ಎಲ್ಲರೂ ನಿನ್ನ ಸುತ್ತ ಕೂತಿರುತ್ತಾರೆ. ಇಲ್ಲಿ ಅಪ್ಪ ಫೋನು ಕಿತ್ತುಕೊಂಡು, "ಅಲ್ಲಿ ಕಾಯಿ ಏನು ರೇಟು ಕೇಳು" ಅನ್ನುತ್ತಾರೆ. ನೀನೂ ಕಾಗದದಲ್ಲೇ ಬರೆ. ನಿನ್ನ ಫೋನಿನಿಂದ ನೀನೇ ಕಳಿಸು, ಅತ್ತಿಗೆಯ ಕೈಗೆ ಕೊಡಬೇಡ.

ಅಣ್ಣ ತೆಂಗಿನ ನಾರಿನ ಯಂತ್ರ ಜೋಡಿಸಿಕೊಡಲು ಒಂದು ವರ್ಷ ದೇಶದೇಶ ತಿರುಗಬೇಕು, ಪುಟ್ಟಿಯನ್ನು ನೋಡಿಕೊಳ್ಳಲು ನೀನೂ ಜೊತೆಗೆ ಹೋಗಬೇಕು ಎಂದಾಗ ನನಗೆ ಮೊದಲು ನೆನಪಾದದ್ದು ನಿನ್ನ ಮಂಡಿ. ಸಕ್ಕರೆಗೂ ಮಂಡಿಗೂ ಒಂದೇ ಔಷಧ, ದಿನಾ ನಡೆಯುವುದು, ತಪ್ಪಿಸಬೇಡಿ ಎಂದು ತಿಪಟೂರಿನ ಡಾಕ್ಟರು ಹೇಳಿದ್ದರಲ್ಲ. ಹೊತ್ತಿಗೆ ಸರಿಯಾಗಿ ಅಲ್ಲಿ ನಿನ್ನನ್ನು ಯಾರು ಎಬ್ಬಿಸುತ್ತಾರೆ, ನಾನಿಲ್ಲದೆ ನೀನು ಹೊರಗೆ ಕಾಲಿಡುತ್ತೀಯಾ ಎಂದು ಹೆದರಿದ್ದೆ.

ಹೆದರಿದ್ದು ದಂಡ. ಮೊನ್ನೆ ಅತ್ತಿಗೆ ಗ್ರೂಪಿನಲ್ಲಿ ಹಾಕಿದ ಫೋಟೊದಲ್ಲಿ ನಿನ್ನ ಕಾಲಲ್ಲಿ ಬಿಳಿ ಶೂ ಇತ್ತು. ಯುಗಾದಿಗೆ ನಾನು ಟ್ಯೂಷನ್ ದುಡ್ಡಿನಲ್ಲಿ ತಂದ ಶೂ ಇನ್ನೂ ಬೀರುವಿನ ಮೇಲೆ ಡಬ್ಬದಲ್ಲೇ ಇದೆ. "ಸೀರೆ ಮ್ಯಾಲೆ ಶೂ ಹಾಕ್ಕಂಡು ಹೋದ್ರೆ ನಾಯಿಗಳೂ ನಗ್ತವೆ ಕಣೇ" ಅಂದಿದ್ದೆ ನೀನು. ಅಲ್ಲಿನ ನಾಯಿಗಳು ನಗುವುದಿಲ್ಲವೇ?

ನಿನ್ನ
ಮಧು

*

ಬೆನ್ ತ್ರೆ, ವಿಯೆಟ್ನಾಂ
15-7-2025

ಮಧು,

ಶೂ ವಿಷಯ ಎತ್ತುತ್ತೀಯ ಅಂತ ನನಗೆ ಗೊತ್ತಿತ್ತು. ಇಲ್ಲಿ ನಾಯಿಗಳು ಬಲು ಸೋಮಾರಿ, ತಲೆ ಎತ್ತಿ ನೋಡುವುದೂ ಇಲ್ಲ. ಮನುಷ್ಯರೂ ಅಷ್ಟೇ. "ಎಲ್ಲಿಗೆ ಹೊಂಟ್ರಿ" ಅನ್ನುವವರು ಒಬ್ಬರೂ ಇಲ್ಲ. ನಮ್ಮೂರಲ್ಲಿ ಸುಮ್ಮನೆ ನಡೆದರೆ ಕೆಲಸ ಇಲ್ಲದ ಹೆಂಗಸು ಅಂತಾರೆ ಅಂತ ಒಂದು ದಿನ ಕುಡುಗೋಲು, ಒಂದು ದಿನ ಬುಟ್ಟಿ ಹಿಡಿದು ಹೋಗುತ್ತಿದ್ದೆವಲ್ಲ. ಶ್ರೀಲಂಕಾದಲ್ಲಿದ್ದಾಗ ಮೊದಲ ದಿನ ಅದೇ ಅಭ್ಯಾಸದ ಮೇಲೆ ಕೈಚೀಲ ಹಿಡಕೊಂಡು ಹೊರಟೆ. ಇಂಪನಾ ಬಾಗಿಲಲ್ಲೇ ತಡೆದು, "ಅತ್ತೆ, ಅದನ್ನ ಒಳಗಿಟ್ಟು ಬನ್ನಿ. ಕೈ ಬೀಸಿ ನಡೀಬೇಕು" ಅಂದಳು. ಕೈ ಬೀಸಿ ನಡೆಯುವುದು ಎಷ್ಟು ಹಗುರ ಅಂತ ಐವತ್ತಾರನೇ ವಯಸ್ಸಿಗೆ ಗೊತ್ತಾಯಿತು ನೋಡು.

ನಿನ್ನ ಅತ್ತಿಗೆ ಖೊ ಖೊ ಆಡಿದ ಮೈಯವಳು, ಸುಮ್ಮನೆ ಬಿಡುವುದಿಲ್ಲ. ಊರು ಬದಲಾಯಿಸುವ ದಿನವೂ ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದರೆ ನನ್ನ ಕೈಲಿ ಕಂಬ ಹಿಡಿಸಿ ತುದಿಗಾಲಲ್ಲಿ ಎದ್ದು ಇಳಿಯುವುದನ್ನು ಮಾಡಿಸಿದಳು. ನಿನ್ನಣ್ಣ ರುದ್ರೇಶ ನಾಚಿಕೊಂಡು ಬೇರೆ ಕಡೆ ಹೋಗಿ ಕೂತ. ಲಾಡ್ಜಿನಲ್ಲಿ ಮಳೆ ಬಂದರೆ ಕುರ್ಚಿ ಹಿಡಿದು ಬಸ್ಕಿ. ಇಲ್ಲಿ ಹೊಳೆ ದಂಡೆಯ ಮೇಲೆ ನನ್ನ ವಯಸ್ಸಿನ ಹೆಂಗಸರೆಲ್ಲ ಬೆಳಿಗ್ಗೆ ಹಾಡಿನ ಪಾಟೆ ಹಾಕಿಕೊಂಡು ಸಾಲಾಗಿ ಕೈಕಾಲು ಆಡಿಸುತ್ತಾರೆ. ನನ್ನನ್ನೂ ಸೇರಿಸಿಕೊಂಡಿದ್ದಾರೆ. ಮಾತು ತಿಳಿಯದು, ನಗು ತಿಳಿಯುತ್ತದೆ.

ನಿನ್ನ ನಡಿಗೆ ಬಿಡಬೇಡ. ಅಪ್ಪನಿಗೆ ಮೆಂತ್ಯ ನೆನೆಹಾಕಿ ಕೊಡು.

ಅಮ್ಮ

*

ಹೊನ್ನವಳ್ಳಿ
3 ಆಗಸ್ಟ್ 2025

ಅಮ್ಮಾ,

ನಿನ್ನ ಹೂವಿನ ಬಟ್ಟೆಯ ಫೋಟೊ ನೋಡಿದೆ. ಅಂಗಿಗೂ ಪೈಜಾಮಕ್ಕೂ ಒಂದೇ ಹೂವು. ಅತ್ತಿಗೆಯೂ ಅಂಥದ್ದೇ ತೊಟ್ಟು ಪಕ್ಕದಲ್ಲಿ ನಿಂತಿದ್ದಾರೆ. ಒಂದೇ ತಾನಿನಲ್ಲಿ ಕತ್ತರಿಸಿದ ಹಾಗಿದೆ. ಅಪ್ಪ ಬಹಳ ಹೊತ್ತು ನೋಡಿ, "ಇವಳು ನಮ್ಮ ಸರ್ವಮಂಗಳನಾ" ಅಂದರು. ಆಮೇಲೆ ನಾನಿಲ್ಲ ಅಂದುಕೊಂಡು ಇನ್ನೊಂದು ಸಲ ತೆಗೆದು ನೋಡಿದರು.

ನಾನು ಎಂ.ಎ. ಓದುವಾಗ ಎಷ್ಟು ಸಲ ಹೇಳಿದ್ದೆ, ಚೂಡಿದಾರ್ ಹಾಕಿಕೋ ಅಮ್ಮ, ನಡೆಯಲು ಸಲೀಸು ಎಂದು. "ನಿಮ್ಮಪ್ಪನ ಎದುರಿಗೆ ಹೆಂಗೆ ಬರಲಿ" ಅಂದಿದ್ದೆ ನೀನು. ಕೈ ಬೀಸು ಎಂದು ನಾನೂ ಹೇಳಿದ್ದೆ. ಬಸ್ಕಿಯನ್ನೂ ಹೇಳಿದ್ದೆ. ನಾನು ಹೇಳಿದರೆ ಹಟ, ಸೊಸೆ ಹೇಳಿದರೆ ವ್ಯಾಯಾಮ. ಇರಲಿ.

ಒಬ್ಬಳೇ ಹೋಗುವುದು ಕಷ್ಟವಾಗಿ ಕೆಂಪಕ್ಕನ ಜೊತೆ ಹೋಗುತ್ತಿದ್ದೇನೆ. ಅವಳು ಹೇಗೂ ಆ ಹೊತ್ತಿಗೆ ಹಾಲಿನ ಡೈರಿಗೆ ಹೋಗಿ ಬರುತ್ತಾಳೆ. ದಾರಿಯುದ್ದಕ್ಕೂ ನಿನ್ನದೇ ಮಾತು.

"ಏನ್ ಮಗಾ, ನಿಮ್ಮವ್ವ ಅಲ್ಲಿ ಪ್ಯಾಂಟ್ ಹಾಕ್ಕಂಡು ಕುಣೀತಾಳಂತೆ?"

"ಕುಣಿತ ಅಲ್ಲ ಕೆಂಪಕ್ಕ, ವ್ಯಾಯಾಮ."

"ಪಾಟೆ ಹಾಕ್ಕಂಡು ಮಾಡುದ್ರೆ ಕುಣಿತಾನೇ ಕಣವ್ವ. ಮಾಡ್ಲಿ ಬುಡು. ಇಲ್ಲಿದ್ದು ಎಷ್ಟ್ ದಿನ ಸಗಣಿ ಬಾಚಾಳು."

ಮಂಡಿ ಹೇಗಿದೆ, ನೀನು ಬರೆಯಲೇ ಇಲ್ಲ.

ಮಧು

*

ಬೆನ್ ತ್ರೆ
10 ಆಗಸ್ಟ್ 2025

ಪ್ರೀತಿಯ ಮಧು,

ನೀನು ಅತ್ತೆಗೆ ಕಾಗದ ಬರೆಯುತ್ತೀಯ, ನನಗೆ ಒಂದು ಸಾಲೂ ಇಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ, ನಗಬೇಡ.

ಅತ್ತೆ ಒಂದು ದಿನವೂ ತಪ್ಪಿಸುತ್ತಿಲ್ಲ. ನಾನು ಮಲಗಿದ್ದರೂ ಅವರೇ ಬಂದು ಎಬ್ಬಿಸುತ್ತಾರೆ. ಮಂಡಿ ನೋವಾ ಅತ್ತೆ ಅಂತ ದಿನಾ ಕೇಳುತ್ತೇನೆ, ಇಲ್ಲಮ್ಮ ಅಂತಾರೆ. ಊರಿನ ನೆನಪು ಮಾತ್ರ ತುಂಬಾ ಕಾಡುತ್ತಿರಬೇಕು. ನಡೆಯುತ್ತಾ ನಡೆಯುತ್ತಾ ತೆಂಗಿನ ಮರದ ಹತ್ತಿರ ನಿಂತುಬಿಡುತ್ತಾರೆ. ಕಾಂಡದ ಮೇಲೆ ಕೈ ಇಟ್ಟು, ತಲೆ ಎತ್ತಿ, ಗರಿ ಹೊಂಬಾಳೆ ಎಲ್ಲ ನೋಡುತ್ತಾ ನಿಂತರೆ ಮುಗೀತು. ನಾನು ಮುಂದೆ ಹೋಗಿ ಕಾಯುತ್ತೇನೆ, ಅವರ ಪಾಡಿಗೆ ನೋಡಿಕೊಳ್ಳಲಿ ಅಂತ. ನಿನಗೆ ಇಷ್ಟವಾಗುತ್ತದೆ ಅಂತ ಆ ಫೋಟೊಗಳನ್ನೇ ಆರಿಸಿ ಕಳಿಸಿದ್ದೇನೆ.

ಇಷ್ಟು ವರ್ಷ ನೀನೇ ಅವರನ್ನು ನಡೆಸಿದವಳು. ನಾನು ತಿಳಿದಿರಬೇಕಾದ ಗುಟ್ಟು ಏನಾದರೂ ಇದ್ದರೆ ಹೇಳು ಕಣೇ.

ಇಂಪನಾ

*

ಹೊನ್ನವಳ್ಳಿ
12 ಆಗಸ್ಟ್ 2025

ಅಮ್ಮಾ,

ಅತ್ತಿಗೆ ಫೋಟೊ ಕಳಿಸಿದ್ದಾರೆ. ನೀನು ಮರ ನೋಡುತ್ತಿರುವ ಫೋಟೊಗಳು. ನಿನಗೆ ಊರಿನ ನೆನಪಂತೆ.

ನಾನು ನಕ್ಕೆ. ಆಮೇಲೆ ನಗು ನಿಂತಿತು.

ಎಡ ಮಂಡಿ ಹಿಡಿದಾಗ ನೀನು ನೋವು ಅನ್ನುವುದಿಲ್ಲ. ನಿಂತು ತಲೆ ಎತ್ತುತ್ತೀಯ. "ಈ ಮರದ ಹೊಂಬಾಳೆ ಯಾಕೋ ಸಣ್ಣದು" ಅನ್ನುತ್ತೀಯ, ಇಲ್ಲವಾದರೆ "ಕಾಯಿಗೆ ನುಸಿ ಬಿದ್ದಂಗದೆ" ಅನ್ನುತ್ತೀಯ. ತೋಟ ಇರುವವಳು ಮರ ನೋಡಿದರೆ ಯಾಕೆ ಎಂದು ಯಾರು ಕೇಳುತ್ತಾರೆ? ನನಗೂ ಇದು ತಿಳಿಯಲು ಬಹಳ ದಿನ ಬೇಕಾಯಿತು. ತಿಳಿದ ಮೇಲೆ ನಾನೂ ನಿಂತು, ತಲೆ ಎತ್ತಿ, ನಿನ್ನ ಉಸಿರು ಇಳಿಯುವವರೆಗೆ ಹೂಂ ಹೂಂ ಅನ್ನುತ್ತಿದ್ದೆ. ಒಂದು ಸಲ ಬೇಲಿಯಾಚೆಯ ರಾಜಣ್ಣನ ಮರವನ್ನು ಎಷ್ಟು ಹೊತ್ತು ನೋಡಿದೆವೆಂದರೆ ಅವನು ಹೊರಗೆ ಬಂದು, "ಏನಕ್ಕ, ತಾಯಿ ಮಗಳಿಬ್ರೂ ಸೇರ್ಕಂಡು ನಮ್ ಮರುಕ್ಕೆ ಕಣ್ ಹಾಕ್ತಾ ಇದೀರಾ?" ಅಂದ. ಮಾರನೆಯ ದಿನ ಆ ಮರಕ್ಕೆ ಹಳೆ ಚಪ್ಪಲಿ ಕಟ್ಟಿದ್ದ.

ಅತ್ತಿಗೆಗೆ ನಾನು ಏನೂ ಹೇಳಿಲ್ಲ. ಗುಟ್ಟು ಇದ್ದರೆ ಹೇಳು ಎಂದು ಕೇಳಿದ್ದಾರೆ. ಉತ್ತರ ಬರೆಯಬೇಕೆಂದು ಕೂತು, ಅಪ್ಪನಿಗೆ ಕಾಫಿ ಮಾಡಲು ಎದ್ದು ಹೋದೆ.

ನೋವು ಹೆಚ್ಚಿದೆಯಾ? ನನಗಾದರೂ ನಿಜ ಹೇಳು.

ಮಧು

*

ಬೆನ್ ತ್ರೆ
21-8-2025

ಮಧು,

ನೀನು ಕಳ್ಳಿ. ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಹೂಂಗುಟ್ಟುತ್ತಿದ್ದೆಯಾ? ನಾನು ಎಷ್ಟು ಕಷ್ಟಪಟ್ಟು ಒಂದೊಂದು ಮರಕ್ಕೆ ಒಂದೊಂದು ರೋಗ ಹುಡುಕುತ್ತಿದ್ದೆ.

ನೋವು ಇದೆ. ಬಹಳ ಅಲ್ಲ. ಇಂಪನಾಗೆ ಹೇಳಬೇಡ. ಹೇಳಿದರೆ ಅವತ್ತೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎಣ್ಣೆ ಹಚ್ಚಿ, ತಾನೊಬ್ಬಳೇ ಹೋಗುತ್ತಾಳೆ. ಒಳ್ಳೆಯವಳು, ಅದಕ್ಕೇ ಭಯ. ಬಾಗಿಲು ಹಾಕಿದರೆ ಅಡುಗೆ, ಪುಟ್ಟಿ, ಪಾತ್ರೆ. ಅದು ಹೊನ್ನವಳ್ಳಿ ಆದರೇನು, ವಿಯೆಟ್ನಾಂ ಆದರೇನು. ಬೆಳಿಗ್ಗೆ ಆ ಒಂದು ಹೊತ್ತು ಮಾತ್ರ ನನ್ನದು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ.

ಕೆಂಪಕ್ಕನ ಜೊತೆ ಹೋಗುತ್ತೀಯಂತೆ. ಅವಳು ನಿನ್ನ ಯಾವ ಕಡೆ ನಡೆಯುತ್ತಾಳೆ? ಅವಳ ಬಾಯಿ ಒಂದು ಸಲ ಬಿಚ್ಚಿದರೆ ಡೈರಿ ಬಾಗಿಲು ಹಾಕಿದರೂ ಮುಚ್ಚುವುದಿಲ್ಲ. ನಿನ್ನ ಟ್ಯೂಷನ್ನಿಗೆ ಹೊತ್ತು ಸಿಗುತ್ತದಾ ಅಂತ ಕೇಳಿದೆ, ಅಷ್ಟೇ.

ಅಮ್ಮ

*

ಹೊನ್ನವಳ್ಳಿ
14 ಸೆಪ್ಟೆಂಬರ್ 2025

ಅಮ್ಮಾ,

"ನಮ್ಮಿಬ್ಬರಲ್ಲೇ ಇರಲಿ" ಎಂಬ ಸಾಲನ್ನು ಮಾತ್ರ ದೊಡ್ಡದು ಮಾಡಿಕೊಂಡು ಓದಿದೆ. ಮತ್ತೆ ಮತ್ತೆ ಓದಿದೆ. ಆ ದಿನ ಅಪ್ಪ ಸಾರಿಗೆ ಉಪ್ಪು ಜಾಸ್ತಿ ಎಂದು ರೇಗಿದರೂ ಬೇಜಾರಾಗಲಿಲ್ಲ.

ಅತ್ತಿಗೆ ಈಗಲೂ ಫೋಟೊ ಹಾಕುತ್ತಾರೆ. "ಅತ್ತೆಯ ಮರಪ್ರೇಮ" ಎಂದು ಕೆಳಗೆ ಬರೆದಿರುತ್ತಾರೆ. ಅಣ್ಣ, ಚಿಕ್ಕನಾಯಕನಹಳ್ಳಿ ದೊಡ್ಡಮ್ಮ, ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತುತ್ತಾರೆ. ನಾನೂ ಒತ್ತುತ್ತೇನೆ. ಒತ್ತುವಾಗ ಒಂದು ಥರ ಖುಷಿಯಾಗುತ್ತದೆ. ಅವರು ನಿನ್ನ ಪಕ್ಕದಲ್ಲೇ ಇದ್ದಾರೆ, ನಾನು ಇಲ್ಲಿದ್ದೇನೆ, ಆದರೂ ನೀನು ಏನು ನೋಡುತ್ತಿದ್ದೀಯ ಎಂಬುದು ನನಗೊಬ್ಬಳಿಗೇ ಗೊತ್ತು.

ಕೆಂಪಕ್ಕ ನನ್ನ ಹಿಂದೆ ನಡೆಯುತ್ತಾಳೆ. ಪಕ್ಕದಲ್ಲಲ್ಲ. ಕ್ಯಾನು ತಾಗುತ್ತದೆ ಎಂದು ನಾನೇ ಹೇಳಿದೆ.

ನಿನ್ನೆ ಅವಳು ಒಂದು ಮಾತು ಹೇಳಿದಳು. "ನಿಮ್ಮವ್ವಂದು ಮೊದ್ಲೇ ಕೆಟ್ಟ್ ಮಂಡಿ. ಎಷ್ಟ್ ದಿನ ಅಂತ ಕುಣಿದಾಳು? ಕೈ ಕೊಟ್ಟ ದಿನ ತಂತಾನೇ ಊರಿಗ್ ಬತ್ತಾಳೆ. ನೀನ್ಯಾಕ್ ಮಖ ಸಪ್ಪಗ್ ಮಾಡ್ಕಂಡಿದೀಯ?"

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ನೀನು ಬರುವ ತಿಂಗಳಿಗೆ ಇನ್ನೆಷ್ಟು ಹಾಳೆ ಎಂದು ಎತ್ತಿ ನೋಡಿದೆ, ಅದು ಡಿಸೆಂಬರಿಗೇ ಮುಗಿದಿತ್ತು. ಇದನ್ನು ನಿನಗೆ ಬರೆಯಬಾರದಿತ್ತು. ಬರೆದದ್ದನ್ನು ಹೊಡೆದು ಹಾಕಿದರೆ ಫೋಟೊದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಮಧು

*

ಬೆನ್ ತ್ರೆ
6 ಅಕ್ಟೋಬರ್ 2025

ಮಧು,

ನೀನು ಉತ್ತರ ಬರೆಯದಿದ್ದರೂ ನಾನು ಬರೆಯುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಇಲ್ಲಿಯ ಕೆಲಸ ಮುಗಿಯುತ್ತಾ ಬಂತು. ನವೆಂಬರಿನಲ್ಲಿ ಫಿಲಿಪೈನ್ಸ್. ಅಲ್ಲೂ ತೆಂಗೇ, ಅಲ್ಲೂ ನಾರೇ. ಅತ್ತೆ ನಮ್ಮ ಜೊತೆ ಬರುತ್ತಾರೋ, ಇಲ್ಲಿಂದಲೇ ಊರಿಗೆ ಬರುತ್ತಾರೋ ಇನ್ನೂ ಹೇಳುತ್ತಿಲ್ಲ. ಕೇಳಿದರೆ, "ಮಧೂನ ಕೇಳ್ಬೇಕು" ಅಂತಾರೆ. ಟಿಕೆಟ್ ಮಾಡಿಸಬೇಕು ಅಂತ ನಿಮ್ಮಣ್ಣ ಅವಸರ ಮಾಡುತ್ತಿದ್ದಾರೆ.

ಬರುವ ಭಾನುವಾರ ಇಲ್ಲಿಂದ ಸ್ವಲ್ಪ ದೂರದ ಒಂದು ಬೆಟ್ಟಕ್ಕೆ ಹೋಗುತ್ತಿದ್ದೇವೆ. ಮೇಲೆ ದೇವಿಯ ಗುಡಿ ಇದೆ, ತುಂಬಾ ಮೆಟ್ಟಿಲು. ಹೊಳೆ ದಂಡೆಯ ಹೆಂಗಸರೂ ಬರುತ್ತಾರೆ. ರೋಪ್‌ವೇ ಇದೆ, ಆ ಹಗ್ಗದ ಗಾಡಿಯಲ್ಲೂ ಹೋಗಬಹುದು. ಆದರೆ ನಡೆದು ಹತ್ತೋಣ ಅಂದಾಗ ಮೊದಲು ಕೈ ಎತ್ತಿದ್ದು ಅತ್ತೆ. ತಿಂಗಳಿಂದ ಲಾಡ್ಜಿನ ಮೆಟ್ಟಿಲಲ್ಲಿ ಅಭ್ಯಾಸ ಮಾಡಿಸುತ್ತಿದ್ದೇನೆ.

ಮರ ನೋಡುವುದು ಮಾತ್ರ ಈಗ ವಿಪರೀತವಾಗಿದೆ. ಮೊದಲು ಅಲ್ಲೊಂದು ಇಲ್ಲೊಂದು, ಈಗ ಸಾಲಿನಲ್ಲಿರುವ ಒಂದು ಮರವನ್ನೂ ಬಿಡುವುದಿಲ್ಲ. ಪುಟ್ಟಿಯೂ ಕಲಿತುಬಿಟ್ಟಿದ್ದಾಳೆ. ಅಜ್ಜಿ ನಿಂತರೆ ತಾನೂ ನಿಂತು, ಸೊಂಟದ ಮೇಲೆ ಕೈ ಇಟ್ಟು, "ನುಸಿ, ನುಸಿ" ಅಂತಾಳೆ. ವಿಡಿಯೋ ಕಳಿಸಿದ್ದೇನೆ, ನೋಡಿ ನಗು.

ಇಂಪನಾ

*

ಬೆನ್ ತ್ರೆ
7-10-2025

ಮಧು,

ಕೆಂಪಕ್ಕ ಹೇಳಿದ ಮಾತು ಕೇಳಿ ನಿನಗೆ ಕೋಪ ಬರಲಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಬರೆದು ಬರೆದು ಹರಿದು ಹಾಕಿದೆ. ಆಮೇಲೆ ಯೋಚನೆ ಮಾಡಿದೆ. ನೀನು ಅವಳ ಜೊತೆ ಹೋಗುತ್ತೀಯ ಅಂತ ಮೊದಲು ಬರೆದ ದಿನ, ಅವಳ ಕಾಲು ಒಂದಿಷ್ಟು ಉಳುಕಲಿ ಅಂತ ನಾನೂ ಅಂದುಕೊಂಡಿದ್ದೆ. ಬಹಳ ಅಲ್ಲ, ನಾಲ್ಕು ದಿನ ಮನೆಯಲ್ಲಿ ಕೂರುವಷ್ಟು. ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಭಾನುವಾರ ಬೆಟ್ಟ ಹತ್ತುತ್ತೇನೆ. ಮಾತ್ರೆ ತಗೊಂಡು ಹೋಗುತ್ತೇನೆ. ಅಲ್ಲಿ ಮೆಟ್ಟಿಲ ಪಕ್ಕ ತೆಂಗಿನ ಮರ ಇಲ್ಲವಂತೆ, ಬೇರೆ ಏನಾದರೂ ನೋಡಿದರಾಯಿತು.

ನವೆಂಬರಿನಲ್ಲಿ ಬಾ ಅಂದರೆ ಬರುತ್ತೇನೆ. ನೀನು ಹೇಳಿದ ಹಾಗೆ. ಇನ್ನೊಂದು ದೇಶ ನೋಡುವ ಆಸೆ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ಕಾಗದ ಓದಿದಾಗಲೆಲ್ಲ ಚೀಲ ತುಂಬಿಕೊಂಡು ಹೊರಡೋಣ ಅನ್ನಿಸುತ್ತದೆ. ಎರಡೂ ನಿಜ.

ಬೇಗ ಬರೆ.

ಅಮ್ಮ

*

ಹೊನ್ನವಳ್ಳಿ
8 ಅಕ್ಟೋಬರ್ 2025

ಅತ್ತಿಗೆಯವರಿಗೆ,

ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಹೊತ್ತು ಇರಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ, ಅದಕ್ಕೇ ಬರೆಯುವುದಿಲ್ಲ.

ಪುಟ್ಟಿಯ ವಿಡಿಯೋ ನೋಡಿದೆ. ಪುಟ್ಟಿಯ ಹಿಂದೆ ನಿಂತಿರುವ ಅಮ್ಮನನ್ನು ನೋಡಿ. ಎಡಗಾಲಿನ ಹಿಮ್ಮಡಿ ನೆಲ ಮುಟ್ಟಿಲ್ಲ. ಮೈಭಾರವನ್ನೆಲ್ಲ ಮರಕ್ಕೆ ಹಾಕಿದ್ದಾಳೆ. ಅಮ್ಮ ಮರ ನೋಡುವುದು ಊರಿನ ನೆನಪಿಗಲ್ಲ ಅತ್ತಿಗೆ. ಮಂಡಿ ಹಿಡಿದಾಗ ನಿಲ್ಲಲು ಅವಳಿಗೆ ಇರುವ ನೆಪ ಅದೊಂದೇ. ಎಷ್ಟು ಮರ ನೋಡಿದಳೋ ಅಷ್ಟು ನೋವು. ಒಂದು ಮರವನ್ನೂ ಬಿಡುವುದಿಲ್ಲ ಎಂದು ನೀವು ಬರೆದಿದ್ದೀರಿ.

ಬೆಟ್ಟಕ್ಕೆ ನಡೆಸಬೇಡಿ. ಹಗ್ಗದ ಗಾಡಿಯಲ್ಲಿ ಕೂರಿಸಿ, ಪುಟ್ಟಿಗೆ ಒಬ್ಬಳೇ ಕೂರಲು ಭಯ ಎಂದು ಹೇಳಿ. ಪುಟ್ಟಿಗಾಗಿ ಎಂದರೆ ಬರುತ್ತಾಳೆ. ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಿ. ಲಾಡ್ಜಿನ ಮೆಟ್ಟಿಲು ನಿಲ್ಲಿಸಿಬಿಡಿ. ಅವಳಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ.

ಆದರೆ ಬೆಳಗಿನ ನಡಿಗೆಯನ್ನು ಬಿಡಿಸಬೇಡಿ. ಅದನ್ನು ಕಿತ್ತುಕೊಂಡರೆ ಅಮ್ಮ ನನ್ನನ್ನು ಕ್ಷಮಿಸುವುದಿಲ್ಲ. ನೋವಾ ಎಂದು ಕೇಳಲೇಬೇಡಿ. ಕೇಳಿದರೆ ಇಲ್ಲ ಎಂದು ಇನ್ನೂ ಜೋರಾಗಿ ನಡೆಯುತ್ತಾಳೆ. ಅವಳು ನಿಂತಾಗ ನೀವು ಮುಂದೆ ಹೋಗಿ ಕಾಯಬೇಡಿ, ಅವಸರ ಮಾಡಿದಂತೆ ಆಗುತ್ತದೆ. ನೀವೂ ನಿಲ್ಲಿ, ನೀವೂ ತಲೆ ಎತ್ತಿ. ಮರದ ಬಗ್ಗೆ ಏನಾದರೂ ಕೇಳಿ. ಉತ್ತರ ಉದ್ದವಾದರೆ ಇನ್ನೂ ನೋಯುತ್ತಿದೆ ಎಂದು ಅರ್ಥ, ಮುಂದಿನ ಪ್ರಶ್ನೆ ಕೇಳಿ. "ನಿಂಗೇನು ಗೊತ್ತು ಸುಮ್ನಿರು" ಎಂದು ಬೈದರೆ ಕಡಿಮೆಯಾಗಿದೆ, ಹೊರಡಬಹುದು. ತೀರಾ ಹೆಚ್ಚಿದ ದಿನ ನಿಮಗೇ ಸುಸ್ತು ಎಂದು ಹೇಳಿ ವಾಪಸ್ಸು ಬನ್ನಿ. ಖೊ ಖೊ ಆಡಿದವರಿಗೆ ಆ ಮಾತು ಕಷ್ಟ, ಆದರೂ ಹೇಳಿ.

ಇದನ್ನು ಬರೆಯಲು ನನಗೆ ಇಷ್ಟವಿರಲಿಲ್ಲ. ಶೂ ನೀವು ಹಾಕಿಸಿದಿರಿ, ಕೈ ಬೀಸುವುದನ್ನು ನೀವು ಕಲಿಸಿದಿರಿ. ಅಮ್ಮನ ವಿಷಯದಲ್ಲಿ ನಿಮಗೆ ಗೊತ್ತಿಲ್ಲದ್ದು ಎಂದು ನನ್ನ ಬಳಿ ಉಳಿದದ್ದು ಇದೊಂದೇ. ಅಮ್ಮನೂ ಹೇಳಬೇಡ ಎಂದಿದ್ದಳು. ಯಾರು ಹೇಳಿದರು ಎಂದು ಅವಳಿಗೆ ಮೊದಲ ದಿನವೇ ತಿಳಿಯುತ್ತದೆ. ಬೈಯಲಿ.

ಆ ಹೂವಿನ ಬಟ್ಟೆ ಅಮ್ಮನಿಗೆ ಚೆನ್ನಾಗಿ ಒಪ್ಪುತ್ತದೆ. ಇದನ್ನೂ ಮೊದಲೇ ಬರೆಯಬಹುದಿತ್ತು.

ನವೆಂಬರಿಗೆ ಬರಲೋ ಬೇಡವೋ ಎಂದು ಅಮ್ಮ ನನ್ನನ್ನು ಕೇಳಿದ್ದಾಳೆ. ಅವಳಿಗೆ ಈ ವಾರ ನಾನು ಕಾಗದ ಬರೆಯುವುದಿಲ್ಲ. ಕೂತರೆ ಬಾ ಎಂದೇ ಬರೆದುಬಿಡುತ್ತೇನೆ. ಫಿಲಿಪೈನ್ಸಿಗೆ ಟಿಕೆಟ್ ಮಾಡಿಸುವಾಗ ಅಮ್ಮನದನ್ನೂ ಸೇರಿಸಿ ಮಾಡಿಸಲು ಅಣ್ಣನಿಗೆ ಹೇಳಿ. ಮಧು ಹೂಂ ಅಂದಳು ಎಂದು ಅಮ್ಮನಿಗೆ ನೀವೇ ಹೇಳಿ.

ಇಂತಿ
ಮಧುಶ್ರೀ